ದಂಟಿನ ಮಡಿಯ ಪಕ್ಕದ ಕಾಲುವೆ

‘ಈ ವರ್ಷ ಕಾಲುವೆ ತೆಗೆಯುವುದು ಬೇಡ’ ಎಂದು ಹೇಳಿದವಳು ನಾನು. ಇದನ್ನು ಪೊಲೀಸರು ಕೇಳಲಿಲ್ಲ, ಪಕ್ಕದ ಕಟ್ಟಡದ ಎಂಜಿನಿಯರು ಕೇಳಲಿಲ್ಲ, ಆಸ್ಪತ್ರೆಯಲ್ಲೂ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳದೆ ಬಿಟ್ಟದ್ದರಿಂದ ಅದು ನನ್ನೊಳಗೇ ಉಳಿದು ಹೊತ್ತುಗೊತ್ತಿಲ್ಲದೆ ಎದ್ದು ಬರುತ್ತದೆ. ಟಿನ್ ಫ್ಯಾಕ್ಟರಿಯ ಹತ್ತಿರ ಬಸ್ಸು ಅರ್ಧ ಗಂಟೆ ಅಲ್ಲಾಡದೆ ನಿಂತಾಗ, ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿ ಬರೆಯುತ್ತಿರುವಾಗ, ಸಿಂಕಿನಲ್ಲಿ ಸೊಪ್ಪು ತೊಳೆಯುವಾಗ ಅಂತೂ ತಪ್ಪದೆ. ಕೈಗೆ ಮಣ್ಣು ತಾಕಿದರೆ ನಲ್ಲಿ ನಿಲ್ಲಿಸಿ ಈಚೆ ಬಂದುಬಿಡುತ್ತೇನೆ. ಈಗ ಸೊಪ್ಪು ತರುವುದನ್ನೇ ಕಡಿಮೆ ಮಾಡಿದ್ದೇನೆ.

ನಮ್ಮದು ಹಾವೇರಿ ಕಡೆ. ಸಸ್ಯಶಾಸ್ತ್ರ ಓದಿ, ಹನ್ನೊಂದು ವರ್ಷದಿಂದ ಹಳೆ ಮದ್ರಾಸ್ ರಸ್ತೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಮನೆ ಮಹದೇವಪುರದಲ್ಲಿ, ನಾಲ್ಕನೆಯ ಮಹಡಿ. ಅಡುಗೆಮನೆಯ ಕಿಟಕಿಯಿಂದ ಕೆಳಗೆ ನೋಡಿದರೆ ಮೂರು ಕಡೆ ಅಪಾರ್ಟ್‌ಮೆಂಟು, ನಡುವೆ ಮುಕ್ಕಾಲು ಎಕರೆಯ ಸೊಪ್ಪಿನ ತೋಟ. ಅದು ಯಾರದೋ ಜಮೀನು. ಗೇಣಿಗೆ ಹಿಡಿದು ಸೊಪ್ಪು ಬೆಳೆಯುತ್ತಿದ್ದವರು ಒಬ್ಬ ಹೆಂಗಸು ಮತ್ತು ಅವರ ಮಾವ. ಹೆಂಗಸಿಗೆ ನಲವತ್ತೈದರ ಮೇಲೆ ವಯಸ್ಸು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ, ಮಾವನನ್ನು ತಾತ. ಅವರಿಬ್ಬರಿಗೂ ನಾನು ಮಿಸ್.

ಮೊದಲ ಸಲ ಹೋದದ್ದು ಮೆಂತ್ಯಕ್ಕೆ. ಅಕ್ಕ ಒಂದು ಕಟ್ಟು ಕೊಟ್ಟರು. ನಾನು ನಿಂತಲ್ಲೇ ಎರಡು ಕುಡಿ ಮುರಿದು ಬಾಯಿಗೆ ಹಾಕಿಕೊಂಡೆ. ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ಮೆಂತ್ಯ ತಿನ್ನುವುದು ದೊಡ್ಡ ವಿಷಯವಲ್ಲ. ಅಕ್ಕ ಕಣ್ಣು ಅಗಲಿಸಿ ನೋಡಿದರು.

“ಹಸೀದೇ ತಿಂತೀರಾ?”

“ನಮ್ಮ ಕಡೆ ಹಂಗೇ ತಿಂತಾರ್ರೀ.”

“ಮಾವಾ, ಇಲ್ಲಿ ನೋಡ್ ಬನ್ನಿ. ಮೇಡಮ್ಮು ಬೇಲಿ ಹಾರಿ ಬಂದು ಮೇಯ್ತಾ ಅವ್ರೆ.”

ತಾತ ದೂರದಿಂದಲೇ, “ಮೇಯ್ಲಿ ಬಿಡು, ಹಾಲು ಕೊಟ್ಟರೆ ಸಾಕು” ಎಂದರು. ಹೀಗೆ ಶುರುವಾಯಿತು. ಶನಿವಾರ ನನಗೆ ಕಾಲೇಜು ಇರುತ್ತಿರಲಿಲ್ಲ. ಬೆಳಿಗ್ಗೆ ಇಳಿದು ಹೋಗಿ ಅವರ ಜೊತೆ ಕಟ್ಟು ಕಟ್ಟುತ್ತ ಕೂರುವುದು ಅಭ್ಯಾಸವಾಯಿತು. ಬಾಳೆ ನಾರು ನೆನೆಸಿ ಸೀಳಿ, ಬೇರು ಒಂದೇ ಕಡೆ ಬರುವಂತೆ ಜೋಡಿಸಿ, ಎರಡು ಸುತ್ತು ಸುತ್ತಿ ಸಿಕ್ಕಿಸುವುದು. ನಾನು ಒಂದು ಕಟ್ಟುವಷ್ಟರಲ್ಲಿ ಅಕ್ಕ ಐದು ಕಟ್ಟುತ್ತಿದ್ದರು. ಕುಕ್ಕರಗಾಲಿನಲ್ಲಿ ಕೂತರೆ ಎರಡು ಗಂಟೆ ಏಳುತ್ತಿರಲಿಲ್ಲ. ಕೂತಹಾಗೆಯೇ ಮಡಿಯಿಂದ ಮಡಿಗೆ ಸರಿದು ಹೋಗುತ್ತಿದ್ದರು. ನನಗೆ ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತಿತ್ತು.

ಆ ಮಣ್ಣು ಸತ್ತಿತ್ತು. ಒದ್ದೆಯಾದರೆ ಅಂಟು, ಒಣಗಿದರೆ ಹೆಂಚು. ವರ್ಷಗಟ್ಟಲೆ ಯೂರಿಯಾ ಸುರಿದು, ಎಲ್ಲಿಂದಲೋ ಬಂದ ಕೊಳಚೆ ನೀರು ಹಾಯಿಸಿ ಹಾಗಾಗಿತ್ತು. ಕೊತ್ತಂಬರಿ ಮೊಳೆತು ನಾಲ್ಕು ಬೆರಳು ಎದ್ದಕೂಡಲೆ ಬುಡದಲ್ಲಿ ಕೊಳೆತು ಮಲಗುತ್ತಿತ್ತು. ಅಕ್ಕ ಅದನ್ನು ಹಣೆಬರಹದಂತೆ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಓದಿದವರಿಗೆ ಇರುವ ಕಾಯಿಲೆ ಅದು, ಕಂಡದ್ದನ್ನು ಸರಿಮಾಡಿಬಿಡಬೇಕೆನ್ನುವುದು.

ಮೊದಲು ಗೊಬ್ಬರದಿಂದ ಹಿಡಿದೆವು. ಹತ್ತಿರದಲ್ಲೇ ನಾಲ್ಕು ಹಸು ಕಟ್ಟಿದ್ದವರೊಬ್ಬರಿಂದ ಸಗಣಿ ತಂದು, ನೆರಳಿನಲ್ಲಿ ರಾಶಿ ಹಾಕಿ, ಬೇವಿನ ಹಿಂಡಿ ಬೆರೆಸಿ, ಮೇಲೆ ಟ್ರೈಕೋಡರ್ಮಾ ಎಂಬ ಶಿಲೀಂಧ್ರದ ಪುಡಿ ಚಿಮುಕಿಸಿ, ಬೆಲ್ಲದ ನೀರು ಎರಚಿ, ಗೋಣಿತಾಟು ಹೊದಿಸಿದೆವು. ಸಸಿಯ ಬುಡ ಕೊಳೆಸುವ ಕೆಟ್ಟ ಶಿಲೀಂಧ್ರವನ್ನು ಇದು ತಿಂದುಹಾಕುತ್ತದೆ. ಎರಡು ವಾರಕ್ಕೆ ರಾಶಿಯ ಮೇಲೆಲ್ಲ ಬಿಳಿ ನೂಲು ಹರಡಿ ಆಮೇಲೆ ಹಸಿರಾಯಿತು. ತಾತ ಗೋಣಿ ಎತ್ತಿ ನೋಡಿ ಬೇಸರಪಟ್ಟುಕೊಂಡರು.

“ನಮ್ಮಮ್ಮ ಬೂಷ್ಟು ಹಿಡಿದಿದ್ದನ್ನ ಬೀದಿಗೆ ಎಸೀತಿದ್ಲು. ಈಯಮ್ಮ ಅಂಗಡಿಯಿಂದ ಬೂಷ್ಟು ತರ್ತಾಳೆ.”

“ಇದು ಒಳ್ಳೆ ಬೂಷ್ಟು ತಾತ.”

“ಬೂಷ್ಟಲ್ಲೂ ಜಾತಿ ಮಾಡಿದ್ರಾ? ಆಯ್ತು.”

ಆ ಸಲ ಕೊತ್ತಂಬರಿ ಮಲಗಲಿಲ್ಲ. ಅದಾದ ಮೇಲೆ ನಾನು ತಂದದ್ದು ಬೇರಿನ ಶಿಲೀಂಧ್ರ. ಮೈಕೋರೈಜಾ ಎನ್ನುತ್ತಾರೆ. ನೋಡುವುದಕ್ಕೆ ಮಾಮೂಲಿ ಕಂದು ಪುಡಿ. ಬೀಜದ ಜೊತೆ ಬೆರೆಸಿ ಬಿತ್ತಿದರೆ ಅದು ಬೇರಿನೊಳಕ್ಕೆ ಹೊಕ್ಕು, ಹೊರಗೆ ಕೂದಲಿಗಿಂತ ತೆಳುವಾದ ಎಳೆಗಳನ್ನು ಚಾಚಿ, ಬೇರಿಗೆ ಎಟುಕದ ರಂಜಕವನ್ನೂ ನೀರನ್ನೂ ಎಳೆದು ತಂದುಕೊಡುತ್ತದೆ. ಬದಲಿಗೆ ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಆದರೆ ಮೆಂತ್ಯದ ಆಯುಸ್ಸು ಒಂದು ತಿಂಗಳು. ಶಿಲೀಂಧ್ರ ನೆಲೆಯೂರುವಷ್ಟರಲ್ಲಿ ನಾವು ಬೇರುಸಮೇತ ಕಿತ್ತು ಮಾರ್ಕೆಟ್ಟಿಗೆ ಒಯ್ಯುತ್ತೇವೆ. ಅದಕ್ಕೆ ಉಪಾಯವಿರುವುದು ಒಂದೇ: ಮಣ್ಣನ್ನು ಆದಷ್ಟು ಕದಡದಿರುವುದು. ಹಿಂದಿನ ಬೆಳೆಯ ಎಳೆಗಳು ನೆಲದಲ್ಲಿ ಹಾಗೇ ಉಳಿದರೆ ಮುಂದಿನ ಬೆಳೆಯನ್ನು ಬೇಗ ಹಿಡಿಯುತ್ತವೆ.

“ಹಂಗಾದ್ರೆ ಕೀಳದೆ ಕೊಯ್ಬೇಕಾ?” ಎಂದರು ಅಕ್ಕ. “ಬೇರಿಲ್ದಿರೋ ಮೆಂತ್ಯ ಯಾರ್ ಮಿಸ್ ತಗೋತಾರೆ? ಹುಲ್ಲು ಕುಯ್ಕೊಂಡ್ ಬಂದವ್ಳೆ ಅಂತಾರೆ.”

ಅದು ನಿಜ. ಬೆಂಗಳೂರಿನಲ್ಲಿ ಮೆಂತ್ಯಕ್ಕೆ ಬೇರು ಇರಲೇಬೇಕು. ಕೊನೆಗೆ ರಾಜಿಯಾಯಿತು. ಮೂರು ಸಾಲು ಕಿತ್ತರೆ ಒಂದು ಸಾಲು ಕುಡುಗೋಲಿನಿಂದ ಕೊಯ್ದು ಬೇರು ಬಿಡುವುದು. ಕೊಯ್ದದ್ದನ್ನು ನಮ್ಮ ಅಪಾರ್ಟ್‌ಮೆಂಟಿನವರು ಕೊಳ್ಳುತ್ತಿದ್ದರು. ಗುದ್ದಲಿ ಹಾಕಿ ಮಡಿ ತಿರುವುವುದನ್ನು ನಿಲ್ಲಿಸಿದೆವು. ಎರಡನೆಯ ವರ್ಷಕ್ಕೆ ಬೆರಳಿಟ್ಟರೆ ಗೆಣ್ಣಿನವರೆಗೆ ಇಳಿಯುವಂತಾಯಿತು. ಕಾಲೇಜಿನ ಲ್ಯಾಬಿನಲ್ಲಿ ಮೆಂತ್ಯದ ಬೇರು ಬೇಯಿಸಿ, ವಿನೆಗರಿನಲ್ಲಿ ಕದಡಿದ ಪೆನ್ನಿನ ಶಾಯಿಯಲ್ಲಿ ಅದ್ದಿ, ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬೇರಿನೊಳಗೆ ನೀಲಿ ಎಳೆಗಳು, ಪುಟ್ಟ ಪುಟ್ಟ ಪೊದೆಗಳು. ಮೊಬೈಲಿನಲ್ಲಿ ಫೋಟೊ ತೆಗೆದು ಅಕ್ಕನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. “ಇಷ್ಟೆಲ್ಲಾ ಇದೆಯಾ ಒಳಗೆ” ಎಂದರು. ಮಾರನೆಯ ವಾರ ಶಿವಾಜಿನಗರದ ಮಾರ್ಕೆಟ್ಟಿಗೆ ನನ್ನನ್ನೂ ಕರೆದುಕೊಂಡು ಹೋಗಿ, ತಮ್ಮ ಖಾಯಂ ವ್ಯಾಪಾರಿ ಸಾಹೇಬರಿಗೆ, “ಇವ್ರೇ ನಮ್ ಮಿಸ್ಸು, ಬೂಷ್ಟು ಹಾಕೋರು” ಎಂದು ಪರಿಚಯಿಸಿದರು. ಅವರು ಕಟ್ಟನ್ನು ಮೂಗಿಗೆ ಹಿಡಿದು, “ಸಂಜೆ ತನಕ ಮುಖ ಬಾಡ್ಸಲ್ಲ ಜೀ ಇದು” ಎಂದರು. ಆ ಮಾತಿಗೆ ನನಗೆ ಪಿಎಚ್‌ಡಿ ಸಿಕ್ಕಷ್ಟು ಸಂತೋಷವಾಗಿತ್ತು. ಈಗ ನೆನೆದರೆ ಆ ಸಂತೋಷಕ್ಕೇ ಹೆದರಿಕೆಯಾಗುತ್ತದೆ. ಅದರಿಂದಲೇ ನಾನು ಹೇಳಿದ್ದನ್ನೆಲ್ಲ ಅವರು ನಂಬುವಂತಾದದ್ದು.

ತೋಟ ಪೂರ್ವಕ್ಕೆ ಸ್ವಲ್ಪ ಇಳಿಜಾರಾಗಿತ್ತು. ಆ ಅಂಚಿನಲ್ಲಿ ನಾಲ್ಕು ಮಡಿ ದಂಟು. ಅದರ ಪಕ್ಕದಲ್ಲೇ ತಾತ ಪ್ರತಿ ವರ್ಷ ಮುಂಗಾರು ಹಿಡಿಯುವ ಮೊದಲು ಮೊಣಕಾಲುದ್ದ ಆಳದ ಬಸಿಗಾಲುವೆ ತೆಗೆಯುತ್ತಿದ್ದರು. ತೋಟದ ನೀರೆಲ್ಲ ಅದಕ್ಕೆ ಇಳಿದು, ಉತ್ತರಕ್ಕೆ ಹರಿದು ರಾಜಕಾಲುವೆಗೆ ಸೇರುತ್ತಿತ್ತು. ಚಳಿಗಾಲದಲ್ಲಿ ಅದು ಮುಚ್ಚಿಹೋಗುತ್ತಿತ್ತು. ಮತ್ತೆ ಬೇಸಿಗೆಯ ಕೊನೆಗೆ ತೆಗೆಯುವುದು. ಪೂರ್ವದ ಆಚೆ ಮೊದಲು ಜಾಲಿ ಬೆಳೆದ ಖಾಲಿ ಜಾಗವಿತ್ತು. ಮೂರನೆಯ ವರ್ಷ ಅಲ್ಲಿಗೆ ಯಂತ್ರಗಳು ಬಂದವು. ಕಾರು ನಿಲ್ಲಿಸುವ ನೆಲಮಾಳಿಗೆಗೆಂದು ಎರಡು ಮಹಡಿಯಷ್ಟು ಆಳ ಅಗೆದರು. ನಮ್ಮ ಅಂಚಿಗೆ ತಗಡಿನ ಬೇಲಿ ನಿಲ್ಲಿಸಿದರು. ಬೇಲಿಯ ಆಚೆ ಕತ್ತರಿಸಿದ ಮಣ್ಣಿನ ಗೋಡೆ ಬರಿದಾಗಿ ನಿಂತಿತ್ತು. ಅದಕ್ಕೆ ಆಸರೆ ಕಟ್ಟುವುದು ಅವರ ಕೆಲಸವಾಗಿತ್ತು. ಅವರು ಕಟ್ಟಲಿಲ್ಲ. ಇದನ್ನು ನಾನು ಮರೆತಿಲ್ಲ. ಎಲ್ಲರೂ ನನಗೆ ಇದನ್ನೇ ಹೇಳಿ ಸಮಾಧಾನ ಮಾಡುತ್ತಾರೆ.

ಆ ಬೇಸಿಗೆಯ ಕೊನೆಗೆ ತಾತ ಸನಿಕೆ ಹಿಡಿದು ಬಂದಾಗ ನಾನು ಅಡ್ಡ ನಿಂತೆ.

“ತಾತ, ಇಲ್ಲಿ ಅಗೆದ್ರೆ ಎರಡು ವರ್ಷದಿಂದ ಹೆಣೆದಿದ್ದೆಲ್ಲಾ ತುಂಡಾಗತ್ತೆ.”

“ನೀರು ಎಲ್ಲಿಗೋಗ್ಬೇಕು ತಾಯಿ?”

“ಮಣ್ಣೇ ಕುಡೀತದೆ. ಈಗ ಸ್ಪಂಜಿನ ಥರ ಆಗಿದೆಯಲ್ಲ.”

“ಕುಡಿದೋನು ನೆಟ್ಟಗೆ ನಿಂತ್ಕೊಳಲ್ಲ ಕಣಮ್ಮ. ಬೀಳ್ತಾನೆ.”

ಅಕ್ಕ ನಕ್ಕರು. ನಾನೂ ನಕ್ಕೆ. ತಾತ ನಗಲಿಲ್ಲ. ಸನಿಕೆ ನೆಲಕ್ಕೆ ಊರಿ ಸೊಸೆಯ ಮುಖ ನೋಡಿದರು.

“ಬಿಡಿ ಮಾವ, ಒಂದು ವರ್ಷ ನೋಡೋಣ. ಮಿಸ್ ಹೇಳಿದ್ದು ಇಲ್ಲೀವರೆಗೂ ತಪ್ಪಾಗಿಲ್ಲ.”

ತಾತ ಸನಿಕೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಅವರು ಜಗಳವಾಡಿದ್ದರೆ ಚೆನ್ನಾಗಿತ್ತು.

ಮಳೆ ಆ ಸಲ ಒಂದೇ ಸಮ ಹೊಡೆಯಿತು. ಮೂರು ದಿನ ಬಿಡಲಿಲ್ಲ. ರಿಂಗ್ ರೋಡಿನಲ್ಲಿ ಕ್ಯಾಬುಗಳು ನೀರಿನಲ್ಲಿ ಕೆಟ್ಟು ನಿಂತವು. ನಮ್ಮ ನೆಲಮಾಳಿಗೆಗೂ ನೀರು ಬಂತು. ನಾಲ್ಕನೆಯ ದಿನ ಶನಿವಾರ. ಬೆಳಿಗ್ಗೆ ಮಳೆ ನಿಂತು ಬಿಸಿಲು ಬರುವ ಹಾಗಿತ್ತು. ದಂಟು ಕೊಳೆಯುವ ಮೊದಲು ಕಿತ್ತುಬಿಡೋಣವೆಂದು ಅಕ್ಕ ಪೂರ್ವದ ಕೊನೆಯ ಮಡಿಯಲ್ಲಿ ಕೂತಿದ್ದರು. ನಾನು ನಾಲ್ಕು ಮಡಿ ಈಚೆ ಮೆಂತ್ಯದಲ್ಲಿ ಕೂತು ಕಟ್ಟು ಕಟ್ಟುತ್ತಿದ್ದೆ. ತಾತ ಗೇಟಿನ ಹತ್ತಿರ ಸೈಕಲ್ಲಿಗೆ ಬುಟ್ಟಿ ಬಿಗಿಯುತ್ತಿದ್ದರು.

“ಮಿಸ್, ಇಲ್ಲಿ ನೆಲ ಬಾಯಿ ಬಿಟ್ಟದೆ ನೋಡಿ” ಎಂದರು ಅಕ್ಕ. ಹೆದರಿದ ದನಿಯಲ್ಲ. ಯಾವುದೋ ಹೊಸ ಹುಳ ಕಂಡಾಗ ನನ್ನನ್ನು ಕರೆಯುತ್ತಿದ್ದ ದನಿ.

“ಬಂದೆ, ತಡೀರಿ” ಎಂದೆ. ನನ್ನ ಕೈಯಲ್ಲಿ ಅರ್ಧ ಸುತ್ತಿದ ನಾರು ಇತ್ತು. ಅದನ್ನು ಬಿಟ್ಟರೆ ಕಟ್ಟು ಬಿಚ್ಚಿಹೋಗುತ್ತಿತ್ತು.

ಈ ಜಾಗಕ್ಕೆ ನಾನು ಮತ್ತೆ ಮತ್ತೆ ಬರುತ್ತೇನೆ. ಮೂರು ದಿನ ನೆನೆದ ಮಣ್ಣು ಬಿರುಕು ಬಿಡುವುದಿಲ್ಲ. ಬಿರಿಯುವುದು ಒಣಗಿದ ಮಣ್ಣು. ನೆನೆದ ಮಣ್ಣು ಬಾಯಿ ಬಿಟ್ಟಿದೆಯೆಂದರೆ ಅದು ಜರುಗುತ್ತಿದೆ ಎಂದೇ ಅರ್ಥ. ಆ ಮಾತು ಕಿವಿಗೆ ಬಿದ್ದ ತಕ್ಷಣ ‘ಈಚೆ ಬನ್ನಿ’ ಎನ್ನಬೇಕಾಗಿತ್ತು. ಎರಡೇ ಪದ. ನಾನೂ ಎರಡೇ ಪದ ಅಂದೆ, ಬೇರೆ ಎರಡು. ಕನಸಿನಲ್ಲಿ ಕೆಲವು ಸಲ ಸರಿಯಾದ ಪದಗಳನ್ನೇ ಹೇಳುತ್ತೇನೆ, ಆದರೂ ಅವರು ಏಳುವುದಿಲ್ಲ.

ಸದ್ದು ದೊಡ್ಡದಾಗಿರಲಿಲ್ಲ. ಲಾರಿಯಿಂದ ಮರಳು ಸುರಿದಂಥ ಸದ್ದು. ತಲೆಯೆತ್ತಿದಾಗ ದಂಟಿನ ಮಡಿ ಇಳಿಯುತ್ತಿತ್ತು. ಉರುಳಲಿಲ್ಲ, ಗಿಡಗಳು ನಿಂತಹಾಗೇ ನಿಂತು, ಅಕ್ಕ ಕೂತಹಾಗೇ ಕೂತು, ಎಲ್ಲ ಒಟ್ಟಾಗಿ ಕೆಳಕ್ಕೆ ಹೋಯಿತು. ತಗಡಿನ ಬೇಲಿ ಮುಂದಕ್ಕೆ ಬಾಗಿ ಮಾಯವಾಯಿತು. ಅಕ್ಕನ ತಲೆಯ ಮೇಲಿದ್ದ ಹಳದಿ ಪ್ಲಾಸ್ಟಿಕ್ ಚೀಲ ಒಂದು ಕ್ಷಣ ಕಂಡಿತು. ಆಮೇಲೆ ಅಲ್ಲಿ ಆಚೆ ಬೀದಿಯ ಕಟ್ಟಡಗಳು ಕಂಡವು. ಅಲ್ಲಿಯವರೆಗೆ ಆ ಜಾಗದಿಂದ ಅವು ಕಂಡಿರಲಿಲ್ಲ.

ನಾನು ಓಡಿದೆ. ಅಂಚಿಗೆ ಎರಡು ಮಾರು ಇರುವಾಗ ಕಾಲ ಕೆಳಗೆ ನೆಲ ಮೆತ್ತಗೆ ಅಲುಗಿತು, ನೀರು ತುಂಬಿದ ಹಾಸಿಗೆಯ ಹಾಗೆ. ಕೆಳಗಿನಿಂದ ಯಾರೋ “ಪೀಛೆ, ಪೀಛೆ” ಎಂದು ಕೂಗಿದರು. ನಾನು ಹಿಂದಕ್ಕೆ ಬಂದೆ. ಮೆಂತ್ಯದ ಮಡಿಯವರೆಗೂ ಹಿಂದಕ್ಕೆ ಬಂದು ನಿಂತೆ. ಅದನ್ನು ಜಾಣತನ ಎನ್ನುತ್ತಾರೆ. ಇರಬಹುದು. ತಾತ ಮಾತ್ರ ಗೇಟಿನಿಂದ ಸುತ್ತಿ, ಲಾರಿ ಇಳಿಯುವ ದಾರಿಯಲ್ಲಿ ಆ ಗುಂಡಿಯೊಳಕ್ಕೆ ಓಡುವುದು ಕಾಣಿಸಿತು. ಎಪ್ಪತ್ತು ದಾಟಿದ ಮನುಷ್ಯ. ಚಪ್ಪಲಿ ಕೆಸರಿನಲ್ಲಿ ಕಚ್ಚಿಕೊಂಡು ಬರಿಗಾಲಾಗಿದ್ದರು. ಆಮೇಲೆ ನಾನೂ ಆ ದಾರಿಯಲ್ಲೇ ಇಳಿದೆ.

ಅಕ್ಕ ಎದೆಯವರೆಗೆ ಹೂತುಹೋಗಿದ್ದರು. ನಾನು ಇಳಿದು ಬರುವಷ್ಟರಲ್ಲಿ ಎರಡನೆಯ ಸಲ ಜಾರಿದ ಮಣ್ಣು ಸೊಂಟವನ್ನು ಒತ್ತಿ ಹಿಡಿದಿತ್ತು. ಕಟ್ಟಡದ ಕೆಲಸಗಾರರು, ಎಲ್ಲಾ ಉತ್ತರದ ಕಡೆಯ ಹುಡುಗರು, ಬಾಂಡಲಿಯಲ್ಲಿ, ಹೆಲ್ಮೆಟ್ಟಿನಲ್ಲಿ, ಬರಿಗೈಯಲ್ಲಿ ಮಣ್ಣು ತೆಗೆಯುತ್ತಿದ್ದರು. ಒಬ್ಬ “ಮೌಸಿ, ಆಂಖ್ ಖೋಲೋ” ಎಂದು ಕಣ್ಣು ಬಿಡಲು ಹೇಳುತ್ತಿದ್ದ. ಯಾರೋ ಗುದ್ದಲಿ ತಂದಾಗ ತಾತ ಕಿತ್ತುಕೊಂಡು ದೂರ ಎಸೆದರು. “ಕೈಯಲ್ಲಿ ತೆಗೀರೋ, ಕೈಯಲ್ಲಿ. ಕಾಲದೆ ಒಳಗೆ.” ಅವರಿಗೆ ಕನ್ನಡ ಅರ್ಥವಾಗುತ್ತಿರಲಿಲ್ಲ. ಆದರೂ ಕೈಯಲ್ಲೇ ತೆಗೆದರು.

ನಾನು ಅಕ್ಕನ ಕೈ ಹಿಡಿದುಕೊಂಡೆ. ಇನ್ನೊಂದು ಕೈಯಿಂದ ತೆಗೆದ ಮಣ್ಣು ಕಪ್ಪಗೆ, ಹಗುರವಾಗಿ, ಹೊಸ ಮಳೆಯ ವಾಸನೆಯದಾಗಿತ್ತು. ಮೂರು ವರ್ಷದಲ್ಲಿ ನಾವು ಮಾಡಿದ ಮಣ್ಣು. ಹಿಡಿದರೆ ಉಂಡೆಯಾಗುತ್ತಿತ್ತು. ಬಿಗಿದ ಮುಷ್ಟಿಯಿಂದ ನೀರು ಸುರಿಯುತ್ತಿತ್ತು.

“ಕಾಲು ಎಲ್ಲಿದೆ ಗೊತ್ತಾಗ್ತಿಲ್ಲ ಮಿಸ್” ಎಂದರು ಅಕ್ಕ. ಅಗ್ನಿಶಾಮಕದವರು ಬಂದು ಅವರನ್ನು ಹೊರಗೆ ತೆಗೆಯುವವರೆಗೆ ಅಷ್ಟನ್ನೇ ನಾಲ್ಕಾರು ಸಲ ಹೇಳಿದರು.

ಅಕ್ಕ ಉಳಿದರು. ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು, ಎಡ ಮಂಡಿ ಪುಡಿಯಾಗಿತ್ತು. ತೋಟ ಉಳಿಯಲಿಲ್ಲ. ಒಂದು ವಾರದೊಳಗೆ ಜಮೀನಿನವರು ಉಳಿದ ಜಾಗವನ್ನೂ ಕಟ್ಟಡದವರಿಗೇ ಒಪ್ಪಿಸಿದರು. ಮೆಂತ್ಯದ ಮಡಿಗಳ ಮೇಲೆ ಯಂತ್ರ ಓಡಾಡಿತು. ನಾನು ಅಡುಗೆಮನೆಯ ಕಿಟಕಿಗೆ ಹಾಳೆ ಅಂಟಿಸಿದೆ. ತಾತ ಸುಮ್ಮನೆ ಕೂರಲಿಲ್ಲ. ಹೊಸಕೋಟೆಯ ಆಚೆ ಪರಿಚಯದವರದು ಅರ್ಧ ಎಕರೆ ಗೇಣಿಗೆ ಸಿಗುತ್ತದೆಂದು ಹೋಗಿ ನೋಡಿ ಬಂದರು. ನೀರಿದೆ, ಮಣ್ಣು ಕೆಂಪು. ದೀಪಾವಳಿ ಕಳೆದ ಮೇಲೆ ಹೇಳುತ್ತೇನೆ ಎಂದು ಅವರನ್ನು ಕಾಯಿಸಿದ್ದರು. ಒಬ್ಬರೇ ಮಾಡುವ ಶಕ್ತಿ ಅವರಿಗಿಲ್ಲ. ಸೊಪ್ಪಿನ ಕೆಲಸವೆಲ್ಲ ಕೂತು ಮಾಡುವುದು: ಬಿತ್ತುವುದು, ಕಳೆ ಕೀಳುವುದು, ಕೊಯ್ಯುವುದು, ಕಟ್ಟುವುದು. ಅಕ್ಕ ಮತ್ತೆ ಕುಕ್ಕರಗಾಲಿನಲ್ಲಿ ಕೂರುತ್ತಾರೋ ಇಲ್ಲವೋ ಎಂಬುದರ ಮೇಲೆಯೇ ಎಲ್ಲ ನಿಂತಿತ್ತು. ಅಕ್ಕ ಮಲಗಿದಲ್ಲೇ ಬೀಜದ ಲೆಕ್ಕ ಹಾಕುತ್ತಿದ್ದರು. ಕೆಂಪು ಮಣ್ಣಿಗೆ ಮೊದಲು ಸಬ್ಬಸಿಗೆ ಹಾಕೋಣ ಎನ್ನುತ್ತಿದ್ದರು.

ಎರಡನೆಯ ಸಲ ಮಂಡಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಡಾಕ್ಟರು ನನ್ನನ್ನು ಪಡಸಾಲೆಗೆ ಕರೆದು ಇಂಗ್ಲಿಷಿನಲ್ಲಿ ಮಾತಾಡಿದರು. ಮನೆಯವರಲ್ಲಿ ಓದಿದವಳು ನಾನೇ ಎಂದು ತಿಳಿದಿದ್ದರು. ಕೋಲು ಹಿಡಿದು ನಡೆಯಬಹುದು. ಕುರ್ಚಿಯಲ್ಲಿ ಕೂರಬಹುದು. ನೆಲದ ಮೇಲೆ ಕೂರುವುದು, ಕುಕ್ಕರಗಾಲು, ಅದೆಲ್ಲ ಇನ್ನು ಇಲ್ಲ. ಮಂಡಿ ಅಷ್ಟು ಮಡಚುವುದೇ ಇಲ್ಲ. “ಅವರಿಗೆ ನೀವೇ ನಿಧಾನವಾಗಿ ಹೇಳಿ” ಎಂದು ಭುಜ ತಟ್ಟಿ ಹೋದರು. ಹೊರಗೆ ಬೆಂಚಿನ ಮೇಲೆ ತಾತ ಇದ್ದರು. “ಏನಂದ್ರು?” ಎಂದು ಕೇಳಿದರು. “ಟೈಮ್ ಬೇಕು ಅಂದ್ರು ತಾತ” ಎಂದೆ.

ಆ ವಾರವೇ ನಾನು ಕಾಲೇಜಿನಲ್ಲಿ ಬೇರಿನ ಶಿಲೀಂಧ್ರದ ಪಾಠ ಮಾಡಬೇಕಿತ್ತು. ಪ್ರತಿ ವರ್ಷದ ಪಾಠ, ನನ್ನದೇ ಹಳೆಯ ಟಿಪ್ಪಣಿ. ನೆಲದ ಮೇಲಿನ ಬಹುಪಾಲು ಗಿಡಗಳು ಈ ಶಿಲೀಂಧ್ರದ ಜೊತೆ ಬಾಳುತ್ತವೆ ಎಂದು ಬರೆದ ಮೇಲೆ, ಮುಂದಿನ ಸಾಲು: ಇದಕ್ಕೆ ಹೊರತಾದವು ಸಾಸಿವೆಯ ಕುಟುಂಬ ಮತ್ತು ದಂಟಿನ ಕುಟುಂಬ. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿತ್ತು. ಪಕ್ಕದಲ್ಲಿ ‘ಒಂದು ಅಂಕ’ ಎಂದು ನನ್ನ ಅಕ್ಷರದಲ್ಲೇ ಬರೆದಿತ್ತು.

ನಾನು ಆ ಸಾಲನ್ನು ಓದಿ ಮಕ್ಕಳಿಗೆ ಬರೆದುಕೊಳ್ಳಲು ಹೇಳಿದೆ. ಗಂಟೆ ಹೊಡೆದ ಮೇಲೆ ಲ್ಯಾಬಿಗೆ ಹೋಗಿ ಕೂತೆ. ಆಮೇಲೆ ಕೆ.ಆರ್. ಪುರದ ಮಾರ್ಕೆಟ್ಟಿನಿಂದ ಒಂದು ಕಟ್ಟು ದಂಟು ತಂದು, ಬೇರು ಬೇಯಿಸಿ, ಶಾಯಿಯಲ್ಲಿ ಅದ್ದಿ ನೋಡಿದೆ. ಖಾಲಿ. ಒಂದು ಎಳೆಯೂ ಇಲ್ಲ. ಗಾಜು ಬದಲಿಸಿ, ಬೇರೆ ತುಂಡಿಟ್ಟು ನೋಡಿದೆ. ಖಾಲಿ.

ಅಂದರೆ ಪೂರ್ವದ ಆ ನಾಲ್ಕು ಮಡಿಯಲ್ಲಿ ಕಾಪಾಡಬೇಕಾದದ್ದು ಏನೂ ಇರಲಿಲ್ಲ. ವರ್ಷಗಟ್ಟಲೆ ಬರೀ ದಂಟೇ ಬೆಳೆದ ಅಂಚು ಅದು. ತಾತ ಅಲ್ಲಿ ಸೊಂಟದುದ್ದ ಅಗೆದಿದ್ದರೂ ತುಂಡಾಗುವ ನೂಲು ಇರಲಿಲ್ಲ. ಮೆಂತ್ಯಕ್ಕೂ ಕೊತ್ತಂಬರಿಗೂ ಏನೂ ಆಗುತ್ತಿರಲಿಲ್ಲ. ಕಾಲುವೆ ತೆಗೆದಿದ್ದರೆ ಮಣ್ಣಿನ ಗೋಡೆ ನಿಲ್ಲುತ್ತಿತ್ತೇ? ಗೊತ್ತಿಲ್ಲ. ನನಗೆ ಗೊತ್ತಾದದ್ದು ಇಷ್ಟೇ, ತೆಗೆಯಬೇಡಿ ಎನ್ನುವುದಕ್ಕೆ ಕಾರಣವೇ ಇರಲಿಲ್ಲ. ಮತ್ತು ಅದು ನನಗೆ ಮೊದಲೇ ತಿಳಿದಿತ್ತು. ಹನ್ನೊಂದು ವರ್ಷ ಅದನ್ನು ಪಾಠ ಮಾಡಿದ್ದೆ. ಬೋರ್ಡಿನ ಮೇಲಿನ ಆ ಗಿಡ ನನ್ನೆದುರು ಇರುವ ಗಿಡವೇ ಎಂದು ಒಂದು ಸಲವೂ ಹೊಳೆಯಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅಕ್ಕ ಲಿಂಗರಾಜಪುರದಲ್ಲಿರುವ ತಂಗಿಯ ಮನೆಗೆ ಬಂದರು. ಮೊದಲ ಮಹಡಿಯ ಒಂದು ಕೋಣೆ. ಹೋದ ಭಾನುವಾರ ನಾನು ಹೋದಾಗ ತಂಗಿ ಕೆಲಸಕ್ಕೆ ಹೋಗಿದ್ದರು, ತಾತ ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದರು. ಅಕ್ಕ ಮಂಚದಲ್ಲಿ ಗೋಡೆಗೊರಗಿ ಕಾಲು ಚಾಚಿಕೊಂಡು ಟೀವಿ ನೋಡುತ್ತಿದ್ದರು. ನನ್ನನ್ನು ಕಂಡು ದನಿ ತಗ್ಗಿಸಿದರು.

“ಬನ್ನಿ ಮಿಸ್. ಏನ್ ಮೇಯ್ಕೊಂಡ್ ಬಂದ್ರಿ ಇವತ್ತು?”

ನಗಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದೆ. ಕಾಲುವೆ, ದಂಟು, ನನ್ನ ಟಿಪ್ಪಣಿ, ಶಾಯಿಯಲ್ಲಿ ಅದ್ದಿದ ಬೇರು. ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದೆ. ಟೀವಿಯಲ್ಲಿ ಯಾವುದೋ ಜಾಹೀರಾತು ಬಂದು ಹೋಯಿತು.

“ನಿಮಗೆ ಗೊತ್ತಿತ್ತಾ?” ಎಂದರು.

“ಗೊತ್ತಿತ್ತು ಅಕ್ಕಾ. ನೆನಪಾಗ್ಲಿಲ್ಲ.”

“ಗೊತ್ತಿದ್ದೂ ಹೇಳ್ಲಿಲ್ಲ.” ಅದು ಬೈಗುಳವಲ್ಲ, ಪ್ರಶ್ನೆಯೂ ಅಲ್ಲ. ನನ್ನ ಮಾತನ್ನೇ ಇನ್ನೊಂದು ಸಲ ಹೇಳಿ ನೋಡಿದ ಹಾಗಿತ್ತು. ಆಮೇಲೆ ಅವರು ಸೀರೆಯ ಮೇಲಿಂದ ಮಂಡಿಯನ್ನು ಅಂಗೈಯಿಂದ ನೀವಿಕೊಂಡರು.

“ಅದ್ ಹೋಗ್ಲಿ. ಡಾಕ್ಟ್ರು ನಿಮ್ ಹತ್ರ ಏನಂದ್ರು? ಆವತ್ತು ಪಡಸಾಲೇಲಿ. ಮಾವ ಟೈಮ್ ಬೇಕಂತೆ ಅಂದ್ರು. ಎಷ್ಟು ಟೈಮು?”

ನಾನು ಟೀವಿಯ ಕಡೆ ನೋಡಿದೆ.

“ಮಿಸ್. ಇದಾದ್ರೂ ಗೊತ್ತಿದ್ರೆ ಹೇಳ್ಬಿಡಿ.”

“ಕುಕ್ಕರಗಾಲಲ್ಲಿ ಕೂರೋಕೆ ಆಗಲ್ಲ ಅಕ್ಕಾ. ಇನ್ನ್ ಯಾವತ್ತೂ ಆಗಲ್ಲ ಅಂದ್ರು. ನಡೀಬಹುದು.”

ಅಕ್ಕ ರಿಮೋಟು ಎತ್ತಿ ಟೀವಿ ಆರಿಸಿದರು. ಕೆಳಗಿನ ಬೀದಿಯಲ್ಲಿ ತಳ್ಳುಗಾಡಿಯವನ ಕೂಗು ಕೇಳಿಸಿತು, ಬೆಳ್ಳುಳ್ಳಿ, ಬೆಳ್ಳುಳ್ಳಿ ಎಂದು. ಕೂಗು ನಿಧಾನವಾಗಿ ದೂರ ಹೋಯಿತು.

“ಯಾವತ್ತು ಹೇಳಿದ್ದು ಇದು?”

“ತಿಂಗಳಾಯ್ತು.”

“ತಿಂಗಳಿಂದ ಮಾವ ಆ ಜಮೀನಿನೋರಿಗೆ ಫೋನ್ ಮಾಡ್ಕೊಂಡು ಕಾಲ್ ಹಿಡ್ಕೊತಾ ಅವ್ರೆ, ಯಾರ್ಗೂ ಕೊಡ್ಬೇಡಿ ಅಂತ.” ರಿಮೋಟನ್ನು ದಿಂಬಿನ ಪಕ್ಕ ಇಟ್ಟು, “ನೀವು ಹೊರಡಿ ಮಿಸ್, ಬಸ್ಸು ಸಿಗಲ್ಲ ಆಮೇಲೆ. ಹೋಗ್ತಾ ಅವ್ರನ್ನ ಮೇಲಕ್ಕೆ ಕಳ್ಸಿ. ನೀವ್ ಹೇಳ್ಬೇಡಿ. ನಾನೇ ಹೇಳ್ತೀನಿ.”

ನಾನು ಎದ್ದೆ. ಮುಂದಿನ ವಾರ ಬರಲೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅವರೂ ಬನ್ನಿ ಎನ್ನಲಿಲ್ಲ.

ತಾತ ಮೆಟ್ಟಿಲ ಮೇಲೆ ಫೋನು ಕಿವಿಗೆ ಹಿಡಿದು, “ಹೂಂ ಸ್ವಾಮಿ, ಇನ್ನೊಂದು ಹದಿನೈದು ದಿನ, ಓಡಾಡ್ತಾಳೆ ಈಗ” ಎನ್ನುತ್ತಿದ್ದರು. ನಾನು ಅವರು ಮುಗಿಸುವವರೆಗೆ ಒಂದು ಮೆಟ್ಟಿಲು ಮೇಲೆ ನಿಂತೆ. ಅಕ್ಕ ಕರೆಯುತ್ತಿದ್ದಾರೆ ಎಂದೆ. ಅವರು ಗೋಡೆ ಹಿಡಿದು ಎದ್ದು, ನನಗೆ ದಾರಿ ಬಿಟ್ಟು, ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಹೋದರು. ನಾನು ಕೆಳಗಿಳಿದು ಬಸ್‌ಸ್ಟಾಪಿನವರೆಗೆ ನಡೆದೆ. ಬಂದ ಮೊದಲ ಬಸ್ಸು ಹತ್ತಲಿಲ್ಲ, ಎರಡನೆಯದನ್ನೂ ಹತ್ತಲಿಲ್ಲ.